ಮುಚ್ಚಿದ ಕಚೇರಿಯ ಗಾಳಿ: ಉಸಿರು ಎಲ್ಲರದು, ಹೊಣೆ ಯಾರದು?

ಈ ಪುಟಗಳಲ್ಲಿ ಆಹಾರ, ಪಥ್ಯ, ಋತುಚರ್ಯೆಗಳ ವಿಷಯವಾಗಿ ಹಲವು ಸಲ ಬರೆದಿದ್ದೇನೆ. ಈ ತಿಂಗಳು ಔಷಧದ ಮಾತಿಗೆ ಮೊದಲು ನನ್ನದೇ ಒಂದು ತಪ್ಪನ್ನು ಸದ್ಭಕ್ತರ ಮುಂದೆ ಹೇಳಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿಯುತ್ತ ಬಂದಿದ್ದ ದಿನಗಳಲ್ಲಿ, ಕಡಬದ ಕಡೆಯ ಹಳ್ಳಿಯೊಂದರಿಂದ ದಿನವೂ ಬಸ್ಸಿನಲ್ಲಿ ಪುತ್ತೂರಿಗೆ ಬಂದು ಕಚೇರಿಯೊಂದರಲ್ಲಿ ದುಡಿಯುತ್ತಿದ್ದ ಮಹಿಳೆಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಒಣಕೆಮ್ಮು, ಸಂಜೆಯಾಗುತ್ತಲೇ ಮೈ ಬೆಚ್ಚಗಾಗುವುದು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ನಾಡಿ ನೋಡಿದೆ, ನಾಲಗೆ ನೋಡಿದೆ, ಎದೆಯ ಸದ್ದು ಕೇಳಿದೆ. ತಮಕಶ್ವಾಸದ ಪೂರ್ವರೂಪವೆಂದು ಬಗೆದು ಸಿತೋಪಲಾದಿ ಚೂರ್ಣ, ವಾಸಾವಲೇಹ, ದಶಮೂಲಕಟುತ್ರಯ ಕಷಾಯ ಕೊಟ್ಟೆ. ಮೊಸರು ಬಿಡಿ, ತಣ್ಣೀರು ಬಿಡಿ ಎಂದೆ. ಆಕೆ ಎಲ್ಲವನ್ನೂ ಶ್ರದ್ಧೆಯಿಂದ ಪಾಲಿಸಿದರು. ಕೆಮ್ಮು ಇಳಿಯಲಿಲ್ಲ.

ದೀಪಾವಳಿ ಕಳೆದ ಮೇಲೆ ಬಂದಾಗ ಆಕೆ ಹೇಳಿದ ಮಾತು ಈಗಲೂ ನೆನಪಿದೆ. “ಡಾಕ್ಟ್ರೇ, ತಾಯಿಮನೆಯಲ್ಲಿ ಐದು ದಿನ ಇದ್ದೆ. ಒಮ್ಮೆಯೂ ಕೆಮ್ಮು ಬರಲಿಲ್ಲ. ಔಷಧ ತಗೊಂಡು ಹೋಗುವುದನ್ನೇ ಮರೆತಿದ್ದೆ.” ನಾನು ನಕ್ಕು, ಅಭ್ಯಂಗಸ್ನಾನದ ಫಲ, ಅಮ್ಮನ ಕೈಯ ಬಿಸಿ ಅಡುಗೆಯ ಫಲ ಎಂದೆ. ರೋಗ ತನ್ನ ಗುಟ್ಟನ್ನು ರೋಗಿಯ ಬಾಯಿಂದಲೇ ಹೇಳಿಸಿತ್ತು. ನಲವತ್ತು ವರ್ಷಗಳ ಅನುಭವವಿದ್ದ ವೈದ್ಯನಿಗೆ ಅದು ಕೇಳಿಸಲಿಲ್ಲ. ಆಕೆ ದಿನಕ್ಕೆ ಎಂಟು ಗಂಟೆ ಯಾವ ಗಾಳಿಯನ್ನು ಉಸಿರಾಡುತ್ತಾರೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಮೂರನೆಯ ತಿಂಗಳಿನಲ್ಲಿ ಅದೇ ಕಚೇರಿಯ ಇನ್ನೊಬ್ಬರು ಬಂದರು, ಅದೇ ಕೆಮ್ಮಿನೊಂದಿಗೆ. ವಾರದೊಳಗೆ ಮತ್ತಿಬ್ಬರು. ಒಬ್ಬರು ಕಫ ಪ್ರಕೃತಿಯ ಸ್ಥೂಲಕಾಯದವರು, ಒಬ್ಬರು ಪಿತ್ತ ಪ್ರಕೃತಿಯವರು, ಇನ್ನೊಬ್ಬ ಇಪ್ಪತ್ತೈದರ ತರುಣ. ಆಹಾರ ಬೇರೆ, ವಯಸ್ಸು ಬೇರೆ, ಮನೆತನ ಬೇರೆ, ಊರು ಬೇರೆ. ರೋಗ ಮಾತ್ರ ಒಂದೇ. ಆಗ ನನಗೆ ವಿದ್ಯಾರ್ಥಿ ದೆಸೆಯಲ್ಲಿ ಓದಿದ್ದ ಅಗ್ನಿವೇಶನ ಪ್ರಶ್ನೆ ನೆನಪಾಯಿತು.

ಅಗ್ನಿವೇಶನ ಪ್ರಶ್ನೆ

ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ಜನಪದೋದ್ಧ್ವಂಸನೀಯ ಎಂದು ಹೆಸರು. ಪಾಂಚಾಲ ದೇಶದ ಕಾಂಪಿಲ್ಯ ನಗರದ ಬಳಿ, ಗಂಗಾತೀರದಲ್ಲಿ ಆತ್ರೇಯ ಪುನರ್ವಸುವು ಶಿಷ್ಯರೊಡನೆ ಸಂಚರಿಸುತ್ತಿರುವಾಗ ಅಗ್ನಿವೇಶನು ಕೇಳುತ್ತಾನೆ: ಜನರ ಪ್ರಕೃತಿ, ಆಹಾರ, ಬಲ, ಸಾತ್ಮ್ಯ, ಮನಸ್ಸು, ವಯಸ್ಸು ಇವೆಲ್ಲ ಬೇರೆ ಬೇರೆಯಾಗಿರುವಾಗ ಒಂದೇ ಕಾಲದಲ್ಲಿ ಒಂದೇ ರೋಗ ಅವರನ್ನೆಲ್ಲ ಹೇಗೆ ಹಿಡಿಯುತ್ತದೆ? ಆತ್ರೇಯನ ಉತ್ತರ ನೇರವಾದದ್ದು. ಮನುಷ್ಯರು ಬೇರೆ ಬೇರೆಯಾಗಿದ್ದರೂ ಅವರೆಲ್ಲರೂ ಹಂಚಿಕೊಂಡಿರುವ ಸಂಗತಿಗಳು ನಾಲ್ಕಿವೆ: ವಾಯು, ಉದಕ, ದೇಶ, ಕಾಲ. ಇವು ಕೆಟ್ಟಾಗ ಪ್ರಕೃತಿಭೇದ ಯಾರನ್ನೂ ಕಾಯುವುದಿಲ್ಲ.

ಕೆಟ್ಟ ಗಾಳಿಯ ಲಕ್ಷಣಗಳನ್ನೂ ಆ ಅಧ್ಯಾಯ ಪಟ್ಟಿ ಮಾಡುತ್ತದೆ. ಋತುವಿಗೆ ಹೊಂದದ ಗಾಳಿ, ಅತಿಯಾಗಿ ನಿಶ್ಚಲವಾದ ಗಾಳಿ, ಅತಿ ಶೀತವಾದ ಗಾಳಿ, ಸ್ರೋತಸ್ಸುಗಳನ್ನು ಕಟ್ಟಿಬಿಡುವಷ್ಟು ಜಿಡ್ಡುತೇವದ ಗಾಳಿ, ದುರ್ಗಂಧ, ಆವಿ, ಧೂಳು, ಹೊಗೆಗಳಿಂದ ಕೂಡಿದ ಗಾಳಿ. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಮ್ಮ ಇಂದಿನ ಎಷ್ಟೋ ಕಚೇರಿಗಳೊಳಗೆ ಕಾಲಿಟ್ಟರೆ ಒಂದೊಂದೂ ಎದುರಿಗೆ ನಿಲ್ಲುತ್ತದೆ. ಹೊರಗೆ ಆಷಾಢದ ಮಳೆ, ಒಳಗೆ ಹದಿನೆಂಟು ಡಿಗ್ರಿಯ ಚಳಿ. ಕಿಟಕಿ ಮುಚ್ಚಿದೆ, ಗಾಳಿ ಕದಲದು, ಮೂಲೆಯಲ್ಲಿ ಬೂಷ್ಟಿನ ವಾಸನೆ.

ನಾನು ಅನುಮತಿ ಕೇಳಿ ಆ ಕಚೇರಿಯನ್ನು ನೋಡಲು ಹೋದೆ. ಅದು ಹಿಂದೆ ಹಂಚಿನ ಮಾಡಿನ ಕಟ್ಟಡವಾಗಿತ್ತು. ನವೀಕರಣದ ವೇಳೆ ಕೆಳಗೆ ಹಲಗೆಯ ಒಳಮಾಡು ಹೊಡೆಸಿ, ಕಿಟಕಿಗಳಿಗೆ ತೆರೆಯಲಾಗದ ಗಾಜು ಕೂರಿಸಿದ್ದರು. ಎರಡು ಎ.ಸಿ. ಯಂತ್ರಗಳು, ಅವುಗಳ ಕೆಳಗೆ ಹನ್ನೊಂದು ಮಂದಿ. ಯಂತ್ರದ ಮುಚ್ಚಳ ತೆಗೆಸಿದಾಗ ಫಿಲ್ಟರಿನ ಬಣ್ಣ ಕಾಣದಷ್ಟು ಕಪ್ಪು ಧೂಳು ಕಟ್ಟಿತ್ತು. ನೀರು ಸೇರುವ ತಟ್ಟೆಯಲ್ಲಿ ಲೋಳೆ ಹೆಪ್ಪುಗಟ್ಟಿತ್ತು. ಹೊರಹೋಗುವ ಕೊಳವೆ ಕಟ್ಟಿಕೊಂಡು ನೀರು ಗೋಡೆಗೆ ಇಳಿದಿತ್ತು. ಒಳಮಾಡಿನ ಹಲಗೆಯೊಂದನ್ನು ಸರಿಸಿದರೆ ಅದರ ಬೆನ್ನಿಗೆ ಹಸಿರುಗಪ್ಪು ಬೂಷ್ಟು. ಎಂದು ಶುಚಿ ಮಾಡಿದ್ದು ಎಂದು ಕೇಳಿದೆ. ಅಲ್ಲಿನ ಸಹಾಯಕರು, “ಹಾಕಿದ ಮೇಲೆ ಇದನ್ನು ಬಿಚ್ಚಿದವರೇ ಇಲ್ಲ ಮಾರಾಯ್ರೆ, ತಣ್ಣಗೆ ಬರ್ತದಲ್ಲ” ಎಂದರು.

ತಣ್ಣಗೆ ಬರುತ್ತದೆ ಎಂಬುದೇ ನಮಗೆ ಸಾಕಾಗಿಬಿಟ್ಟಿದೆ. ಬರುತ್ತಿರುವುದು ಏನು ಎಂದು ಯಾರೂ ಕೇಳುವುದಿಲ್ಲ.

ಆರೋಗ್ಯ ಇಲಾಖೆಯೇ ಹಾಸಿಗೆ ಹಿಡಿದ ಕಥೆ

ಇದು ನಮ್ಮ ಊರಿಗೆ ಮಾತ್ರ ಸೀಮಿತವಾದ ಅಜಾಗರೂಕತೆಯಲ್ಲ. 1968ರ ಜುಲೈ ತಿಂಗಳಿನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಪಾಂಟಿಯಾಕ್ ಎಂಬ ಊರಿನಲ್ಲಿ ಒಂದೇ ಕಟ್ಟಡಕ್ಕೆ ಸಂಬಂಧಿಸಿದ 144 ಮಂದಿ ಜ್ವರ, ಮೈಕೈ ನೋವು, ತಲೆನೋವಿನಿಂದ ಮಲಗಿದರು. ಆ ಕಟ್ಟಡ ಯಾವುದೆಂದರೆ ಅಲ್ಲಿನ ಜಿಲ್ಲಾ ಆರೋಗ್ಯ ಇಲಾಖೆಯದು. ನೂರು ಉದ್ಯೋಗಿಗಳಲ್ಲಿ 95 ಮಂದಿಗೆ ಕಾಯಿಲೆ. ತನಿಖೆಗೆ ಬಂದ ತಜ್ಞರಲ್ಲಿಯೂ ಕೆಲವರು ಅದೇ ಜ್ವರದಲ್ಲಿ ಬಿದ್ದರು. ಹವಾನಿಯಂತ್ರಣ ಯಂತ್ರ ನಿಂತಿದ್ದಾಗ ಒಳಹೊಕ್ಕವರಿಗೆ ಏನೂ ಆಗಲಿಲ್ಲ. ಯಂತ್ರದ ನೀರಿನ ಹನಿಗಳು ಬಿರುಕುಗಳ ಮೂಲಕ ಗಾಳಿಯ ಕೊಳವೆಗೆ ಸೇರಿ ಕೋಣೆ ಕೋಣೆಗೂ ಹರಡುತ್ತಿದ್ದವೆಂದು ತಿಳಿಯಿತು. ಆದರೆ ಆ ಹನಿಗಳಲ್ಲಿ ಇದ್ದುದೇನೆಂದು ಆಗ ಯಾರಿಗೂ ಗೊತ್ತಾಗಲಿಲ್ಲ. ಯಾರೂ ಸಾಯಲಿಲ್ಲವಾದ್ದರಿಂದ ಪ್ರಕರಣ ಕಡತ ಸೇರಿತು.

ಎಂಟು ವರ್ಷಗಳ ಬಳಿಕ, 1976ರ ಜುಲೈಯಲ್ಲಿ, ಫಿಲಡೆಲ್ಫಿಯಾ ನಗರದ ದೊಡ್ಡ ಹೋಟೆಲೊಂದರಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶ ನಡೆಯಿತು. ಊರಿಗೆ ಮರಳಿದ ಸೈನಿಕರು ಒಬ್ಬೊಬ್ಬರಾಗಿ ತೀವ್ರ ನ್ಯುಮೋನಿಯಾಕ್ಕೆ ತುತ್ತಾದರು. ಒಟ್ಟು 221 ಮಂದಿ ರೋಗಪೀಡಿತರಾಗಿ 34 ಮಂದಿ ಮೃತರಾದರು. 1977ರ ಜನವರಿಯಲ್ಲಿ ಜೋಸೆಫ್ ಮೆಕ್‌ಡೇಡ್ ಮತ್ತು ಚಾರ್ಲ್ಸ್ ಶೆಪರ್ಡ್ ಎಂಬ ವಿಜ್ಞಾನಿಗಳು ಕಾರಣವಾದ ಬ್ಯಾಕ್ಟೀರಿಯಾವನ್ನು ಪತ್ತೆ ಹಚ್ಚಿದರು. ಸತ್ತ ಸೈನಿಕರ ಸಂಘದ ಹೆಸರೇ ಅದಕ್ಕೆ ಬಂದು ಲೀಜಿಯೊನೆಲ್ಲಾ ಎಂದಾಯಿತು. ಹೋಟೆಲಿನ ಹವಾನಿಯಂತ್ರಣ ವ್ಯವಸ್ಥೆಯ ನೀರಿನ ಮೇಲೆಯೇ ಬಲವಾದ ಶಂಕೆ ಮೂಡಿತು. ಆಗ ಪಾಂಟಿಯಾಕ್‌ನ ಹಳೆಯ ಮಾದರಿಗಳನ್ನು ಹೊರತೆಗೆದು ಪರೀಕ್ಷಿಸಿದರೆ ಅಲ್ಲಿಯೂ ಇದೇ ಜೀವಿ! ಕಡತ ಸೇರಿದ್ದ ಎಚ್ಚರಿಕೆ ಎಂಟು ವರ್ಷ ಮೌನವಾಗಿ ಕಾದಿತ್ತು.

ಮೂರನೆಯ ಘಟನೆ ಇಂಗ್ಲೆಂಡಿನದು. 2002ರ ಆಗಸ್ಟ್‌ನಲ್ಲಿ ಬ್ಯಾರೋ-ಇನ್-ಫರ್ನೆಸ್ ಎಂಬ ಊರಿನಲ್ಲಿ ಪುರಸಭೆಯ ಕಲಾಭವನದ ಹವಾನಿಯಂತ್ರಣ ಘಟಕದಿಂದ ಹೊರಬೀಳುತ್ತಿದ್ದ ಆವಿ, ಕೆಳಗಿನ ಓಣಿಯಲ್ಲಿ ನಡೆದುಹೋಗುತ್ತಿದ್ದವರ ಮೇಲೆ ಬೀಳುತ್ತಿತ್ತು. ಅದರ ನೀರನ್ನು ಶುದ್ಧವಾಗಿಡುವ ಏರ್ಪಾಡು ನಿಂತುಹೋಗಿತ್ತು. 170ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದು 7 ಮಂದಿ ಸತ್ತರು. ನ್ಯಾಯಾಲಯ ಪುರಸಭೆಗೆ ದಂಡ ವಿಧಿಸಿತು. ಸತ್ತವರಲ್ಲಿ ಯಾರೂ ಆ ಯಂತ್ರವನ್ನು ಕೊಂಡವರಲ್ಲ, ನಡೆಸುತ್ತಿದ್ದವರೂ ಅಲ್ಲ.

ಈ ಮೂರರಲ್ಲಿಯೂ ಯಂತ್ರ ಸರಿಯಾಗಿಯೇ ತಂಪು ಕೊಡುತ್ತಿತ್ತು ಎಂಬುದನ್ನು ಓದುಗರು ಗಮನಿಸಬೇಕು.

ಎರಡು ಬಗೆಯ ಯಂತ್ರ, ಎರಡು ಬಗೆಯ ಅಪಾಯ

ಇಲ್ಲಿ ಒಂದು ವಿವೇಚನೆ ಅಗತ್ಯ. ಇದನ್ನೋದಿ ಮನೆಯ ಎ.ಸಿ.ಯಿಂದ ನಾಳೆಯೇ ಪ್ರಾಣ ಹೋದೀತೆಂದು ಯಾರೂ ಹೆದರಬೇಕಾಗಿಲ್ಲ. ಲೀಜಿಯೊನೆಲ್ಲಾ ಬೆಳೆಯುವುದು ನಿಂತ ಬೆಚ್ಚನೆಯ ನೀರಿನಲ್ಲಿ. ಸುಮಾರು 20ರಿಂದ 45 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಆ ನೀರು ಸೂಕ್ಷ್ಮ ಹನಿಗಳಾಗಿ ಗಾಳಿ ಸೇರಿ, ನಾವು ಅದನ್ನು ಉಸಿರೆಳೆದಾಗ ಮಾತ್ರ ಅಪಾಯ. ಒಬ್ಬರಿಂದ ಒಬ್ಬರಿಗೆ ಇದು ಸಾಮಾನ್ಯವಾಗಿ ಅಂಟುವುದಿಲ್ಲ. ಬೃಹತ್ ಕಟ್ಟಡಗಳ ಮೇಲೆ ನೀರು ಚಿಮ್ಮಿಸಿ ಬಿಸಿ ಕಳೆಯುವ ಕೂಲಿಂಗ್ ಟವರ್‌ಗಳಿರುತ್ತವೆ. ಅಪಾಯದ ಮುಖ್ಯ ನೆಲೆ ಅದು. ಆಸ್ಪತ್ರೆ, ಹೋಟೆಲುಗಳ ಬಿಸಿನೀರಿನ ತೊಟ್ಟಿ, ಷವರ್, ಕಾರಂಜಿಗಳೂ ಶುಚಿಯಿಲ್ಲದಿದ್ದರೆ ಅಷ್ಟೇ ಅಪಾಯಕಾರಿ. ಪುತ್ತೂರು, ಸುಳ್ಯ, ಕಡಬಗಳಲ್ಲಿ ಇಂತಹ ದೊಡ್ಡ ಯಂತ್ರಗಳು ವಿರಳ. ಆದರೆ ನಮ್ಮ ಮಕ್ಕಳು ಕೆಲಸ ಮಾಡುವುದು ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ, ದುಬೈಯಲ್ಲಿ. ಅಂತಹ ಕಟ್ಟಡಗಳಲ್ಲಿಯೇ ಅವರ ಹಗಲು ಇರುಳು ಕಳೆಯುತ್ತದೆ.

ನಮ್ಮ ಊರಿನ ಸಣ್ಣ ಕಚೇರಿಗಳಲ್ಲಿರುವುದು ಗೋಡೆಗೆ ತೂಗುಹಾಕುವ ಸ್ಪ್ಲಿಟ್ ಯಂತ್ರ. ಅದರ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಹೊರಗೊಂದು ಪೆಟ್ಟಿಗೆ ಇರುವುದರಿಂದ ಅದು ಹೊರಗಿನ ಗಾಳಿಯನ್ನು ಎಳೆದು ತಣ್ಣಗೆ ಮಾಡಿ ಒಳಗೆ ಬಿಡುತ್ತದೆ ಎಂದು ವಿದ್ಯಾವಂತರೂ ನಂಬಿದ್ದಾರೆ. ಹಾಗಲ್ಲ. ಸಾಮಾನ್ಯ ಸ್ಪ್ಲಿಟ್ ಯಂತ್ರ ಕೋಣೆಯ ಗಾಳಿಯನ್ನೇ ಎಳೆದು, ತಣಿಸಿ, ಅದನ್ನೇ ಮರಳಿ ಬಿಡುತ್ತದೆ. ಹೊರಗಿನ ಪೆಟ್ಟಿಗೆ ಬಿಸಿಯನ್ನು ಹೊರಹಾಕಲು ಮಾತ್ರ. ಅಂದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಬೆಳಗ್ಗೆ ಹತ್ತಕ್ಕೆ ಒಬ್ಬರು ಬಿಟ್ಟ ಉಸಿರನ್ನೇ ಸಂಜೆ ಐದರವರೆಗೆ ಹನ್ನೊಂದು ಮಂದಿ ಸರದಿಯಲ್ಲಿ ಸೇವಿಸುತ್ತಿರುತ್ತಾರೆ.

ಗಾಳಿಯ ತೇವಾಂಶ ತಣ್ಣನೆಯ ಕಾಯಿಲ್ ಮೇಲೆ ಬೆವರಿನಂತೆ ನೀರಾಗಿ ಇಳಿದು ತಟ್ಟೆ ಸೇರುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಆಯುರ್ವೇದ ಆನೂಪವೆಂದು ಕರೆಯುವ ಈ ನೆಲದಲ್ಲಿ ಆ ನೀರು ಬಯಲುಸೀಮೆಗಿಂತ ಬಹಳ ಹೆಚ್ಚು. ಧೂಳು, ಕತ್ತಲೆ, ತೇವ ಮೂರೂ ಸೇರಿದಲ್ಲಿ ಬೂಷ್ಟು ಹುಟ್ಟಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಅಡಿಕೆ ಸರಿಯಾಗಿ ಒಣಗದಿದ್ದರೆ ಏನಾಗುತ್ತದೆ ಎಂದು ನಮ್ಮ ಕೃಷಿಕರಿಗೆ ಹೇಳಿಕೊಡಬೇಕೆ? ಹಟ್ಟಿಯ ಅಟ್ಟದಲ್ಲಿ ತೇವ ತಗಲಿ ಬೂಷ್ಟು ಹಿಡಿದ ಬೈಹುಲ್ಲನ್ನು ಕೊಡವಿದವರಿಗೆ ಸಂಜೆಗೆ ಚಳಿಜ್ವರ, ಕೆಮ್ಮು, ಉಬ್ಬಸ ಬರುವುದುಂಟು. ಆಧುನಿಕ ವೈದ್ಯರು ಅದನ್ನು ರೈತನ ಶ್ವಾಸಕೋಶ ಎಂದೇ ಹೆಸರಿಸಿದ್ದಾರೆ. ಅಂತಹ ಹುಲ್ಲಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಯ ಬಳಗವೇ ಕಚೇರಿಯೊಂದರ ಹವಾನಿಯಂತ್ರಕದಲ್ಲಿ ಸೇರಿಕೊಂಡು ಅಲ್ಲಿನ ನೌಕರರಿಗೆ ಅದೇ ಕಾಯಿಲೆ ತಂದುದನ್ನು 1970ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಹುಲ್ಲು ಮುಟ್ಟದ, ಮೇಜಿನ ಮುಂದೆ ಕುಳಿತ ಗುಮಾಸ್ತರಿಗೆ ರೈತನ ಕಾಯಿಲೆ!

ಈ ಕಾಯಿಲೆಯ ಗುರುತು ಸುಲಭ. ಉಸಿರಾಡಿದ ನಾಲ್ಕಾರು ಗಂಟೆಗಳ ಮೇಲೆ ಜ್ವರ, ಕೆಮ್ಮು, ಏದುಸಿರು ಬರುತ್ತವೆ. ರಜೆಯಲ್ಲಿ ಇಳಿಯುತ್ತವೆ, ಕೆಲಸಕ್ಕೆ ಮರಳಿದಾಗ ಏರುತ್ತವೆ. ಬೇಗ ಗುರುತಿಸಿ ಆ ಗಾಳಿಯಿಂದ ಹೊರಬಂದರೆ ಸಂಪೂರ್ಣ ಗುಣವಾಗುವ ಸಂಭವ ಹೆಚ್ಚು. ತಿಂಗಳು, ವರ್ಷಗಳ ಕಾಲ ಅದನ್ನೇ ಉಸಿರಾಡುತ್ತಿದ್ದರೆ ಶ್ವಾಸಕೋಶದಲ್ಲಿ ಗಾಯದ ಕಲೆಯಂತೆ ಗಡಸುತನ ಉಳಿದುಬಿಡುತ್ತದೆ. ಅದು ಯಾವ ಪದ್ಧತಿಯ ಔಷಧಕ್ಕೂ ಸುಲಭವಾಗಿ ಬಗ್ಗುವುದಿಲ್ಲ.

ಗಾಳಿಯ ಮೂಲಕ ಒಬ್ಬರಿಂದೊಬ್ಬರಿಗೆ ಹರಡುವ ರೋಗಗಳಿಗೂ ಮುಚ್ಚಿದ ಕೋಣೆ ಹಬ್ಬದಂತೆ. ಕ್ಷಯರೋಗ, ಫ್ಲೂ ಜ್ವರಗಳು ಹಾಗೆಯೇ. 2020ರ ಜನವರಿಯಲ್ಲಿ ಚೀನಾದ ಗುವಾಂಗ್‌ಝೌ ನಗರದ ಕಿಟಕಿಯಿಲ್ಲದ ಭೋಜನಶಾಲೆಯೊಂದರಲ್ಲಿ ಅಕ್ಕಪಕ್ಕದ ಮೇಜುಗಳಲ್ಲಿ ಕುಳಿತಿದ್ದ ಮೂರು ಕುಟುಂಬಗಳ 10 ಮಂದಿಗೆ ಕೊರೊನಾ ತಗಲಿತು. ಎ.ಸಿ.ಯ ಗಾಳಿ ಒಂದು ಮೇಜಿನಿಂದ ಮತ್ತೊಂದಕ್ಕೆ ಸುತ್ತುತ್ತಿದ್ದುದನ್ನು ತನಿಖೆ ಗುರುತಿಸಿತು. ಅದೇ ವರ್ಷದ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಮಾಲ್, ಚಿತ್ರಮಂದಿರಗಳನ್ನು ಮುಚ್ಚಿಸಿತು. ಬಳಿಕ ಕಚೇರಿಗಳು ತೆರೆದಾಗ ಕೇಂದ್ರ ಸರ್ಕಾರ ಸ್ಪಷ್ಟ ಸೂಚನೆ ಕೊಟ್ಟಿತ್ತು: ಎ.ಸಿ. 24ರಿಂದ 30 ಡಿಗ್ರಿಯ ನಡುವೆ ಇರಲಿ, ತೇವಾಂಶ ಶೇಕಡಾ 40ರಿಂದ 70ರೊಳಗಿರಲಿ, ಹೊರಗಿನ ಗಾಳಿ ಸಾಧ್ಯವಾದಷ್ಟು ಒಳಗೆ ಬರಲಿ. ಗೋಡೆಗೆ ಅಂಟಿಸಿದ್ದ ಆ ಕಾಗದ ಮಾಸಿದಂತೆ ಸೂಚನೆಯೂ ನಮ್ಮ ಮನಸ್ಸಿನಿಂದ ಮಾಸಿಹೋಯಿತು.

ಹಂಚಿನ ಮಾಡಿನ ಜಾಣತನ

ನಮ್ಮ ಹಿರಿಯರು ಸೂಕ್ಷ್ಮಜೀವಿಯ ಹೆಸರು ಕೇಳಿದವರಲ್ಲ. ಆದರೆ ತೇವದ ನಾಡಿನಲ್ಲಿ ಹೇಗೆ ಉಸಿರಾಡಬೇಕೆಂದು ಬಲ್ಲವರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಇಲ್ಲಿನ ಶಾಲೆ, ಕಚೇರಿ, ಮನೆಗಳ ಮೇಲೆ ಬಂದ ಕೆಂಪು ಹಂಚಿನ ಮಾಡು ಮಳೆಯನ್ನು ತಡೆಯುತ್ತಿತ್ತು, ಗಾಳಿಯನ್ನು ತಡೆಯುತ್ತಿರಲಿಲ್ಲ. ಹಂಚುಗಳ ಸಂದಿನಿಂದ ಬಿಸಿಗಾಳಿ ಮೇಲೇರಿ ಹೋಗುತ್ತಿತ್ತು. ಎತ್ತರದ ಮಾಡು, ಎದುರುಬದುರು ಕಿಟಕಿ, ಸುತ್ತ ಜಗಲಿ. ಅದೇ ಕಟ್ಟಡದೊಳಗೆ ಕೆಳಗೊಂದು ಒಳಮಾಡು ಹೊಡೆದು, ಕಿಟಕಿಗೆ ಗಾಜು ಜಡಿದು, ಯಂತ್ರ ಕೂರಿಸಿದಾಗ ನಾವು ಆಧುನಿಕರಾದೆವೆಂದು ತಿಳಿದೆವು. ಇರುವ ಕಟ್ಟಡದ ಮೂಗನ್ನು ಮುಚ್ಚಿದೆವು ಎಂದು ತಿಳಿಯಲಿಲ್ಲ.

ನಾನು ಯಂತ್ರದ ವಿರೋಧಿಯಲ್ಲ. ಏಪ್ರಿಲ್ ತಿಂಗಳಿನ ಸೆಕೆ ನನಗೂ ಗೊತ್ತು. ಕಂಪ್ಯೂಟರುಗಳಿಗೆ, ಔಷಧಗಳಿಗೆ, ಶಸ್ತ್ರಚಿಕಿತ್ಸೆಯ ಕೊಠಡಿಗಳಿಗೆ ತಂಪು ಬೇಕು. ಕಿಟಕಿ ತೆರೆದರೆ ಸೊಳ್ಳೆ ಬರುತ್ತದೆ ಎಂಬ ಆಕ್ಷೇಪವೂ ನಿಜವೇ. ಡೆಂಗಿ ಕಂಡಿರುವ ಈ ತಾಲ್ಲೂಕುಗಳಲ್ಲಿ ಅದನ್ನು ಹಗುರವಾಗಿ ಕಾಣಲಾಗದು. ಅದಕ್ಕೆ ಜಾಲರಿ ಇದೆ. ರಸ್ತೆಯ ಧೂಳು ಬರುತ್ತದೆ ಎನ್ನುವವರು ರಸ್ತೆಯ ಕಡೆಯದನ್ನು ಮುಚ್ಚಿ ಹಿತ್ತಿಲ ಕಡೆಯದನ್ನು ತೆರೆಯಬಹುದು, ಗಾಳಿ ಹೊರಗೆಳೆಯುವ ಫ್ಯಾನ್ ಹಾಕಬಹುದು. ವಿದ್ಯುತ್ ಬಿಲ್ಲು ಏರುತ್ತದೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಹದಿನೆಂಟರಲ್ಲಿಟ್ಟ ಯಂತ್ರವನ್ನು ಇಪ್ಪತ್ತಾರಕ್ಕೆ ತಂದರೆ ಉಳಿಯುವ ಹಣದಲ್ಲಿ ತೆರೆದ ಕಿಟಕಿಯ ಖರ್ಚನ್ನು ಬಹುಪಾಲು ತುಂಬಿಕೊಳ್ಳಬಹುದು. 1973ರ ತೈಲ ಬಿಕ್ಕಟ್ಟಿನ ತರುವಾಯ ಪಾಶ್ಚಾತ್ಯ ದೇಶಗಳು ಇಂಧನ ಉಳಿಸಲೆಂದು ಕಟ್ಟಡಗಳನ್ನು ಬಿಗಿಯಾಗಿ ಮುಚ್ಚಿದವು. ಆ ಮೇಲೆ ತಲೆನೋವು, ಕಣ್ಣುರಿ, ಗಂಟಲ ಕೆರೆತ, ಬಳಲಿಕೆಗಳ ದೂರು ಹೆಚ್ಚಿದಾಗ ಕಟ್ಟಡಕ್ಕೇ ರೋಗವಿದೆ ಎಂಬ ಹೊಸ ನಿದಾನ ಬಂದಿತು. ಅವರು ಪಾಠ ಕಲಿತು ಹಿಂದೆ ಸರಿಯುತ್ತಿರುವ ದಾರಿಯಲ್ಲಿ ನಾವು ಈಗ ಉತ್ಸಾಹದಿಂದ ಮುಂದೆ ಹೋಗುತ್ತಿದ್ದೇವೆ.

ಹೊಣೆ ಯಾರದು?

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಆತ್ರೇಯನು ಗಾಳಿ ಕೆಡುವುದನ್ನು ವಿವರಿಸಿ ಅಲ್ಲಿಗೆ ನಿಲ್ಲಿಸಲಿಲ್ಲ. ಗಾಳಿ ಏಕೆ ಕೆಡುತ್ತದೆ ಎಂದು ಅಗ್ನಿವೇಶ ಮತ್ತೆ ಕೇಳಿದಾಗ, ಅಧರ್ಮವೇ ಮೂಲ, ಅದರ ಹುಟ್ಟು ಪ್ರಜ್ಞಾಪರಾಧ ಎಂದನು. ಆ ಅಧರ್ಮ ಎಲ್ಲಿ ಆರಂಭವಾಗುತ್ತದೆ ಎಂಬುದನ್ನೂ ಹೇಳಿದನು: ದೇಶ, ನಗರ, ನಿಗಮ, ಜನಪದಗಳ ಪ್ರಧಾನರು ತಮ್ಮ ಕರ್ತವ್ಯ ಮೀರಿದಾಗ. ವೈದ್ಯಗ್ರಂಥವೊಂದು ಸಾಮೂಹಿಕ ರೋಗದ ಹೊಣೆಯನ್ನು ರೋಗಿಯ ನಾಲಗೆಯ ಮೇಲೆ ಹಾಕದೆ ಮುಖ್ಯಸ್ಥನ ಕುರ್ಚಿಯ ಮೇಲೆ ಹಾಕಿದೆ. ಇದನ್ನು ನಾವು ವೈದ್ಯರೇ ಮರೆತಿದ್ದೇವೆ.

ನಾವು ಏನು ಮಾಡುತ್ತೇವೆ? ಕೆಮ್ಮುವವರಿಗೆ ರೋಗನಿರೋಧಕ ಶಕ್ತಿ ಬೆಳೆಸಿಕೊಳ್ಳಿ ಎನ್ನುತ್ತೇವೆ. ತುಳಸಿ ಕುಡಿಯಿರಿ, ಅರಿಶಿನದ ಹಾಲು ಕುಡಿಯಿರಿ, ಪ್ರಾಣಾಯಾಮ ಮಾಡಿ ಎನ್ನುತ್ತೇವೆ. ಇವೆಲ್ಲ ಒಳ್ಳೆಯವೇ. ಆದರೆ ಬೂಷ್ಟು ಹಿಡಿದ ಯಂತ್ರದ ಕೆಳಗೆ ಕುಳಿತು ದೀರ್ಘವಾಗಿ ಉಸಿರೆಳೆಯಿರಿ ಎಂದು ಹೇಳುವುದು ಯಾವ ವೈದ್ಯಧರ್ಮ? ಹಂಚಿಕೊಂಡ ಗಾಳಿಯಿಂದ ಬಂದ ಕಾಯಿಲೆಗೆ ಒಬ್ಬೊಬ್ಬರಿಗೆ ಬೇರೆ ಬೇರೆ ಕಷಾಯ ಕೊಡುವುದು, ಸೋರುವ ಮಾಡಿನ ಕೆಳಗೆ ಪಾತ್ರೆಗಳನ್ನು ಇಡುತ್ತ ಹೋದಂತೆ. ಮೂರು ತಿಂಗಳು ನಾನು ಪಾತ್ರೆ ಇಡುತ್ತಿದ್ದೆ.

ಕೆಳಗಿನ ನೌಕರರಿಗೆ ಯಂತ್ರದ ಮುಚ್ಚಳ ತೆಗೆಯುವ ಅಧಿಕಾರವಿಲ್ಲ. ಕಿಟಕಿ ತೆರೆದರೆ ಮೇಲಿನವರು ಗದರುತ್ತಾರೆ. ಕೆಮ್ಮಿದರೆ ರಜೆ ಸಿಗುವುದಿಲ್ಲ. ಆ ಮಹಿಳೆ ಮೂರು ತಿಂಗಳು ಕಚೇರಿಯಲ್ಲಿ ಒಂದು ಮಾತೂ ಆಡಿರಲಿಲ್ಲ. ಏಕೆಂದು ಕೇಳಿದಾಗ, “ಎಲ್ಲರೂ ಕೂತಿದ್ದಾರಲ್ಲ ಡಾಕ್ಟ್ರೇ, ನನಗೊಬ್ಬಳಿಗೆ ಯಾಕೆ ತೊಂದರೆ ಅಂತ ಕೇಳಿಯಾರು” ಎಂದರು. ಉಳಿದ ಮೂವರೂ ಅದನ್ನೇ ಯೋಚಿಸಿ ಸುಮ್ಮನಿದ್ದರು.

ಆದ್ದರಿಂದ ಸಂಸ್ಥೆಗಳ ಮುಖ್ಯಸ್ಥರಲ್ಲಿ ನನ್ನ ಬೇಡಿಕೆ ಒಂದೇ. ಪ್ರತಿಯೊಂದು ಯಂತ್ರದ ಮೇಲೆ ಒಂದು ಚೀಟಿ ಅಂಟಿಸಿ. ಫಿಲ್ಟರ್ ತೊಳೆದ ದಿನಾಂಕ, ಕಾಯಿಲ್ ಮತ್ತು ನೀರಿನ ತಟ್ಟೆ ಶುಚಿ ಮಾಡಿದ ದಿನಾಂಕ, ಅದನ್ನು ನೋಡಿಕೊಳ್ಳುವವರ ಹೆಸರು ಅದರಲ್ಲಿರಲಿ. ಫಿಲ್ಟರನ್ನು ತಿಂಗಳಿಗೊಮ್ಮೆಯಾದರೂ ತೊಳೆದು ಒಣಗಿಸಬೇಕು. ತಟ್ಟೆ, ಕೊಳವೆ, ಕಾಯಿಲ್‌ಗಳನ್ನು ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ತಿಳಿದವರಿಂದ ಬಿಚ್ಚಿಸಿ ಶುಚಿಮಾಡಿಸಬೇಕು. ಗೋಡೆ ಒದ್ದೆಯಾಗಿದ್ದರೆ ಬಣ್ಣ ಬಳಿದು ಮುಚ್ಚದೆ ಸೋರುವುದನ್ನು ನಿಲ್ಲಿಸಬೇಕು. ನೀರು ತುಂಬಿಸುವ ಕೂಲರ್ ಇದ್ದರೆ ನೀರನ್ನು ನಿಲ್ಲಗೊಡದೆ ಬದಲಾಯಿಸುತ್ತಿರಬೇಕು, ಬಳಸದ ಕಾಲದಲ್ಲಿ ಬರಿದು ಮಾಡಿ ಒಣಗಿಸಿಡಬೇಕು. ಬೆಳಗ್ಗೆ ಕೆಲಸಕ್ಕೆ ಮೊದಲು ಮತ್ತು ಊಟದ ವೇಳೆಯಲ್ಲಿ ಕಿಟಕಿ ಬಾಗಿಲುಗಳನ್ನು ತೆರೆದಿಡಬೇಕು. ಕೂಲಿಂಗ್ ಟವರ್ ಇರುವ ದೊಡ್ಡ ಕಟ್ಟಡಗಳಲ್ಲಿ ನೀರನ್ನು ಕ್ರಮವಾಗಿ ಶುದ್ಧೀಕರಿಸಿ, ಪರೀಕ್ಷಿಸಿ, ದಾಖಲೆ ಇಡುವುದು ಅನಿವಾರ್ಯವಾಗಬೇಕು. ಬ್ರಿಟನ್ನಿನಲ್ಲಿ 1992ರಿಂದ ಅಂತಹ ಟವರ್‌ಗಳ ವಿವರವನ್ನು ಸ್ಥಳೀಯ ಆಡಳಿತಕ್ಕೆ ತಿಳಿಸುವುದು ಕಡ್ಡಾಯ. 2015ರಲ್ಲಿ ಹಲವರು ಸತ್ತ ಮೇಲೆ ನ್ಯೂಯಾರ್ಕ್ ನಗರವೂ ನೋಂದಣಿ, ತಪಾಸಣೆಗಳ ಕಾನೂನು ತಂದಿತು. ನಮ್ಮಲ್ಲಿ ಕಾನೂನಿಗೆ ಮೊದಲು ಸಾವು ಬರಬೇಕೆಂದೇನೂ ಇಲ್ಲ.

ಇಷ್ಟು ಮಾಡಿದರೂ ಬ್ಯಾರೋ ಊರಿನ ಪಾಠ ಮರೆಯಬಾರದು: ಏರ್ಪಾಡು ಮಾಡುವುದು ಒಂದು, ಅದು ನಿಂತುಹೋಗದಂತೆ ನೋಡಿಕೊಳ್ಳುವುದು ಇನ್ನೊಂದು. ಆ ಚೀಟಿ ಬೇಕಾಗಿರುವುದು ಅದಕ್ಕಾಗಿಯೇ. ದಿನಾಂಕ ಎಲ್ಲರ ಕಣ್ಣಿಗೆ ಬೀಳುವಲ್ಲಿ ಇದ್ದರೆ ಸಣ್ಣ ನೌಕರನೂ ಯಾರನ್ನೂ ನೋಯಿಸದೆ ಪ್ರಶ್ನೆ ಕೇಳಬಲ್ಲ.

ವೈದ್ಯರಿಗೆ, ರೋಗಿಗಳಿಗೆ

ಉದ್ಯೋಗಿಗಳಿಗೆ ನನ್ನ ಸಲಹೆ: ಕೆಮ್ಮು, ಜ್ವರ, ಏದುಸಿರು ರಜೆಯಲ್ಲಿ ಇಳಿದು ಕೆಲಸದ ದಿನ ಏರುತ್ತಿದ್ದರೆ ಒಂದು ಪುಸ್ತಕದಲ್ಲಿ ದಿನ ದಿನವೂ ಬರೆದಿಡಿ. ವೈದ್ಯರು ಕೇಳದಿದ್ದರೂ ಹೇಳಿ. ಜೊತೆಯವರಿಗೂ ಹಾಗೆಯೇ ಆಗುತ್ತಿದೆಯೇ ಎಂದು ವಿಚಾರಿಸಿ. ಒಬ್ಬರ ಕೆಮ್ಮು ದೂರಾಗಿ ಕೇಳಿಸುತ್ತದೆ, ನಾಲ್ವರ ಕೆಮ್ಮು ಸಾಕ್ಷ್ಯವಾಗುತ್ತದೆ.

ಇನ್ನೊಂದು ಮಾತನ್ನು ಆಯುರ್ವೇದ ವೈದ್ಯನಾಗಿಯೇ ಒತ್ತಿ ಹೇಳುತ್ತೇನೆ. ತೀವ್ರ ಜ್ವರ, ಚಳಿ, ಎದೆನೋವು, ಉಸಿರುಗಟ್ಟುವಿಕೆ, ಗೊಂದಲದ ಮಾತು, ಜೊತೆಗೆ ಭೇದಿ ಕಾಣಿಸಿದರೆ ಕಷಾಯಕ್ಕಾಗಿ ಕಾಯಬೇಡಿ, ನನ್ನಂಥವರ ಬಾಗಿಲಲ್ಲಿ ಸರದಿ ನಿಲ್ಲಬೇಡಿ. ನೇರವಾಗಿ ಆಸ್ಪತ್ರೆಗೆ ಹೋಗಿ. ಲೀಜಿಯೊನೆಲ್ಲಾ ನ್ಯುಮೋನಿಯಾ ಇದ್ದರೆ ಅದಕ್ಕೆ ತಕ್ಕ ಪ್ರತಿಜೀವಕ ಬೇಕು. ಪೆನ್ಸಿಲಿನ್ ಜಾತಿಯ ಸಾಮಾನ್ಯ ಔಷಧಗಳು ಇದಕ್ಕೆ ನಾಟುವುದಿಲ್ಲ. ಏಕೆಂದರೆ ಈ ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳ ಒಳಗೇ ಅಡಗಿ ಬೆಳೆಯುತ್ತದೆ. ಮೂತ್ರ ಪರೀಕ್ಷೆಯಿಂದ ಇದನ್ನು ಗುರುತಿಸುವ ವಿಧಾನವಿದೆ. ಕಳೆದ ಎರಡು ವಾರಗಳಲ್ಲಿ ಎಲ್ಲಿ ಕೆಲಸ ಮಾಡಿದಿರಿ, ಯಾವ ಹೋಟೆಲಿನಲ್ಲಿ ತಂಗಿದಿರಿ, ಯಾವ ಆಸ್ಪತ್ರೆಯಲ್ಲಿದ್ದಿರಿ ಎಂಬುದನ್ನು ತಪ್ಪದೆ ತಿಳಿಸಿ. ಐವತ್ತು ದಾಟಿದವರ, ಧೂಮಪಾನಿಗಳ, ಮಧುಮೇಹ ಅಥವಾ ಹಳೆಯ ಉಬ್ಬಸ ಇರುವವರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು.

ನನ್ನ ಸಹೋದ್ಯೋಗಿ ವೈದ್ಯರಲ್ಲಿ, ಪದ್ಧತಿ ಯಾವುದೇ ಇರಲಿ, ಒಂದು ವಿನಂತಿ. ಏನು ತಿಂದಿರಿ ಎಂದು ಕೇಳುವ ಹಾಗೆಯೇ ಎಲ್ಲಿ ಕುಳಿತಿರುತ್ತೀರಿ ಎಂದೂ ಕೇಳೋಣ.

ಕೊನೆಯದಾಗಿ

ಆ ಕಚೇರಿಯ ಮುಖ್ಯಸ್ಥರು ಸಜ್ಜನರು. ಕಂಡದ್ದನ್ನು ಹೇಳಿದಾಗ ಮೊದಲು ಮುಖ ಬಿಗಿದರೂ ವಾರದೊಳಗೆ ಯಂತ್ರಗಳನ್ನು ಬಿಚ್ಚಿಸಿದರು, ಒಳಮಾಡಿನ ಹಾಳಾದ ಹಲಗೆ ತೆಗೆಸಿದರು, ಎರಡು ಕಿಟಕಿಗಳಿಗೆ ಜಾಲರಿ ಹಾಕಿಸಿ ತೆರೆಯುವಂತೆ ಮಾಡಿದರು. ಮೂವರ ಕೆಮ್ಮು ತಿಂಗಳೊಳಗೆ ಇಳಿಯಿತು. ಮೊದಲು ಬಂದಿದ್ದ ಮಹಿಳೆಯದು ಪೂರ್ತಿಯಾಗಿ ಇಳಿಯಲಿಲ್ಲ. ಮಂಗಳೂರಿನ ಶ್ವಾಸಕೋಶ ತಜ್ಞರು ಚಿತ್ರ ತೆಗೆಸಿ ನೋಡಿ, ಗಾಯದ ಕಲೆ ಆರಂಭವಾಗಿದೆ, ಇನ್ನಷ್ಟು ಬೇಗ ಬರಬೇಕಿತ್ತು ಎಂದರು. ಆಕೆ ನನ್ನನ್ನು ದೂರಲಿಲ್ಲ. ಈಗಲೂ ವರ್ಷಕ್ಕೊಮ್ಮೆ ಬಂದು ಕುಶಲ ವಿಚಾರಿಸಿ ಹೋಗುತ್ತಾರೆ. ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಲ್ಲುತ್ತಾರೆ. ಆ ನಿಲ್ಲುವಿಕೆಯಲ್ಲಿ ನನ್ನ ಮೂರು ತಿಂಗಳುಗಳಿವೆ.

ನಾಲ್ಕು ಸಾಮಾನ್ಯ ಸಂಗತಿಗಳಲ್ಲಿ ಗಾಳಿಗಿಂತ ನೀರು, ನೀರಿಗಿಂತ ನೆಲ, ನೆಲಕ್ಕಿಂತ ಕಾಲ ಹೆಚ್ಚು ಹೆಚ್ಚು ದುಷ್ಪರಿಹಾರ್ಯ ಎಂದು ಚರಕ ಸಂಹಿತೆ ಹೇಳುತ್ತದೆ. ಅಂದರೆ ನಾಲ್ಕರಲ್ಲಿ ಗಾಳಿಯ ದೋಷದಿಂದ ಪಾರಾಗುವುದೇ ಹೆಚ್ಚು ಸುಲಭ. ಮಳೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಒಂದು ಕಿಟಕಿ ತೆರೆಯುವುದು, ಒಂದು ತಟ್ಟೆ ತೊಳೆಯುವುದು ನಮ್ಮ ಕೈಯಲ್ಲಿದೆ.

ನಮ್ಮ ಕಲ್ಯಾಣ ಮಂಟಪ, ಪ್ರಾರ್ಥನಾ ಮಂದಿರ, ವಿದ್ಯಾಸಂಸ್ಥೆಗಳಿಗೆ ಭಕ್ತರು ಎ.ಸಿ. ಯಂತ್ರಗಳನ್ನು ದಾನ ಕೊಡುತ್ತಾರೆ. ಕೊಟ್ಟವರ ಹೆಸರನ್ನು ಯಂತ್ರದ ಮೇಲೆ ಅಂದವಾಗಿ ಬರೆದಿರುತ್ತದೆ. ಅದನ್ನು ಕಡೆಯ ಬಾರಿ ತೊಳೆದ ದಿನಾಂಕ ಎಲ್ಲಿಯೂ ಬರೆದಿರುವುದಿಲ್ಲ. ಈ ವರ್ಷ ಯಂತ್ರ ಕೊಡುವ ಸಂಕಲ್ಪ ಮಾಡಿದವರು ಅದರ ಜೊತೆಗೆ ಐದು ವರ್ಷಗಳ ಶುಚಿಯ ಖರ್ಚನ್ನೂ ಕೊಡಲಿ. ಹಿಂದೆಯೇ ಕೊಟ್ಟವರು ಒಂದು ಭಾನುವಾರ ಬಂದು ತಮ್ಮ ಹೆಸರಿರುವ ಯಂತ್ರದ ಮುಚ್ಚಳ ತೆಗೆಸಿ ನೋಡಲಿ. ನೋಡಿದ ಮೇಲೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಬೇಕಾಗಿರುವುದಿಲ್ಲ.